ಸರ್ಪ ಸುತ್ತಲಾರದ ಸೊಂಟ

ನನ್ನ ಮಾವನ ಸೊಂಟ ನನ್ನ ಟೇಪಿಗೆ ಸಿಗುತ್ತಿರಲಿಲ್ಲ. ಮಾವ ಅಂದರೆ ಹೆಂಡತಿಯ ಅಪ್ಪ, ನಿಂಬರ್ಗಾದವರು. ಟೇಪಿನ ಒಂದು ತುದಿಯನ್ನು ಅವರ ಹೊಕ್ಕುಳ ಮೇಲೆ ಅವರ ಕೈಯಿಂದಲೇ ಹಿಡಿಸಿ, ಇನ್ನೊಂದು ತುದಿ ಹಿಡಿದು ನಾನು ಗುಡಿ ಸುತ್ತಿದ ಹಾಗೆ ಅವರನ್ನು ಸುತ್ತಿ ಬರುವಷ್ಟರಲ್ಲಿ ಟೇಪೇ ಮುಗಿದುಹೋಗುತ್ತಿತ್ತು. ಎರಡು ಹಿತ್ತಾಳೆ ತುದಿಗಳ ನಡುವೆ ನಾಲ್ಕು ಬೆರಳು ಹೊಟ್ಟೆ ಉಳಿಯುತ್ತಿತ್ತು. "ಯಾಕ ಅಳಿಯಂದ್ರ, ಟೇಪು ಸಾಲವಲ್ದೇನು?" ಎಂದು ನಗುತ್ತಿದ್ದರು. ನಕ್ಕಾಗ ಆ ನಾಲ್ಕು ಬೆರಳು ಆರಾಗುತ್ತಿತ್ತು.

ನಾನು ದರ್ಜಿ. ಅಪ್ಪ ತೀರಿಕೊಂಡಾಗ ಶಾಲೆ ಬಿಟ್ಟು ಮಶೀನಿನ ಮುಂದೆ ಕೂತವನು. ಆಳಂದದಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಕಲಿತದ್ದು ಕಡಿಮೆ, ಆದರೆ ಅಳತೆ ತಪ್ಪಿದೆಯೆಂದು ನನ್ನ ಅಂಗಡಿಗೆ ಬಟ್ಟೆ ವಾಪಸು ತಂದವರು ಒಬ್ಬರೂ ಇಲ್ಲ. ನಿಜಾಮರ ಕಾಲದ ದೊಡ್ಡ ದೊಡ್ಡ ಸಾಹೇಬರು ಶೇರವಾನಿಯ ಅಳತೆ ಕೊಡುವಾಗ ಎದೆ ಉಬ್ಬಿಸಿ ನಿಲ್ಲುತ್ತಿದ್ದರು. "ಸಾಹೇಬ್ರ, ಉಸರು ಬಿಡ್ರಿ" ಎಂದು ಹೇಳಿ ಖರೇ ಅಳತೆ ತೆಗೆದವನು ನಾನು. ನನ್ನ ಈ ಗುಣವನ್ನು ಮಾವ ಬಹಳ ಮೆಚ್ಚುತ್ತಿದ್ದರು. "ನಮ್ಮ ಅಳಿಯಂದ್ರು ಸುಳ್ಳು ಹೇಳಬೌದು, ಅವರ ಟೇಪು ಹೇಳಂಗಿಲ್ಲ" ಅನ್ನುತ್ತಿದ್ದರು. ಅದು ಹೊಗಳಿಕೆಯೋ ಬೈಗುಳವೋ ನನಗೆ ಕಡೆಯವರೆಗೂ ತಿಳಿಯಲಿಲ್ಲ.

ಮಾವನದು ತೊಗರಿ ಜೋಳ ಬೆಳೆಯುವ ಬೇಸಾಯ. ಜೊತೆಗೆ ವೈದ್ಯಕೀಯ. ಔಷಧ ಕೊಡುವ ವೈದ್ಯಕೀಯವಲ್ಲ, ಹೆದರಿಸುವ ವೈದ್ಯಕೀಯ. ಯಾವ ಬೇನೆಯ ಹೆಸರು ತೆಗೆದರೂ ಅದರಿಂದ ಸತ್ತವನೊಬ್ಬ ನಿಂಬರ್ಗಾದಲ್ಲಿ ಇದ್ದೇ ಇರುತ್ತಿದ್ದ. ಹಲ್ಲು ನೋವು ಅಂದರೆ ಹಲ್ಲಿನಿಂದ ಸತ್ತವನು. ಬಿಕ್ಕಳಿಕೆ ಅಂದರೆ ಬಿಕ್ಕುತ್ತ ಬಿಕ್ಕುತ್ತ ಹೋದವನು. "ಕಣ್ಣಾರ ಕಂಡೇನಿ" ಎಂಬುದು ಅವರ ಮಾತಿನ ಮೊಹರು. ಅದು ಬಿದ್ದ ಮೇಲೆ ವಾದವಿಲ್ಲ.

ಸ್ವತಃ ಅವರು ಅಂಜುತ್ತಿದ್ದುದು ಒಂದೇ ಒಂದಕ್ಕೆ: ಸರ್ಪಸುತ್ತಿಗೆ. ತೊಗರಿ ಹೊಲದಲ್ಲಿ ಜೀವಂತ ಹಾವಿನ ಬಾಲ ಹಿಡಿದು ಬದುವಿನಾಚೆ ಎಸೆದ ಮನುಷ್ಯ, ಸೊಂಟದ ಮೇಲೆ ಬೆಂಕಿಯಂಥ ಗುಳ್ಳೆಗಳು ಸಾಲಾಗಿ ಹಬ್ಬುವ ಆ ಬೇನೆಯ ಹೆಸರು ಕೇಳಿದರೆ ಮೀಸೆಯ ಮೇಲಿನ ಕೈ ಇಳಿಸುತ್ತಿದ್ದರು. ಅದರ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಊರೆಲ್ಲ ನಂಬಿದ್ದ ಕಾಲ ಅದು. ಮಾವ ಅದಕ್ಕೆ ತಮ್ಮದೊಂದು ಶಾಸ್ತ್ರ ಸೇರಿಸಿದ್ದರು. ಮಕ್ಕಳಿಗೆ ಸಣ್ಣ ಅಮ್ಮ ಬಂದ ಮನೆಯಲ್ಲಿ, ಅಂದರೆ ಈಗಿನವರು ಚಿಕನ್ ಪಾಕ್ಸ್ ಅನ್ನುವ ಗುಳ್ಳೆ ಎದ್ದ ಮನೆಯಲ್ಲಿ, ಮುದುಕರು ಕೂರಬಾರದು. ಕೂತರೆ ಅಮ್ಮ ಮಗುವಿನ ಮೈಯಿಂದ ಇಳಿದು, ಹಾವಾಗಿ ಮುದುಕರ ಸೊಂಟ ಸುತ್ತುತ್ತಾಳೆ. ಸಾಕ್ಷಿಗೆ ಅವರ ಅಣ್ಣ. ಅಮ್ಮ ಬಂದ ಮೊಮ್ಮಕ್ಕಳ ಪಕ್ಕ ಕೂತಿದ್ದ, ಮುಂದಿನ ಸುಗ್ಗಿಯಲ್ಲಿ ಸರ್ಪಸುತ್ತು ಎದ್ದಿತು, ಆಮೇಲೆ ಬಹಳ ದಿನ ಬದುಕಲಿಲ್ಲ. ಕಣ್ಣಾರ ಕಂಡೇನಿ.

ಯುದ್ಧ ಶುರುವಾಗಿ ಬಟ್ಟೆ ತುಟ್ಟಿಯಾದ ಕಾಲದಲ್ಲಿ ನನ್ನ ಮಗಳಿಗೆ ಅಮ್ಮ ಬಂದಳು. ಮಗಳಿಗೆ ಆಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಹೆಂಡತಿ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿದಳು. ಅಡುಗೆಯಲ್ಲಿ ಒಗ್ಗರಣೆ ನಿಂತಿತು. ನನ್ನ ಮಶೀನಿನ ಮೇಲೆ ಚಾದರ ಬಿತ್ತು, ಯಾಕೆಂದರೆ ಅಮ್ಮ ಮನೆಯಲ್ಲಿರುವಾಗ ಸೂಜಿ ಹಿಡಿಯಬಾರದು. ಲಗ್ನದ ಹಂಗಾಮು; ಹೊಲಿಗೆಗೆ ಬಂದ ಬಟ್ಟೆ ಅಟ್ಟದವರೆಗೆ ಪೇರಿಸಿತ್ತು. ಕೈಕಟ್ಟಿ ಕೂತು ಗೊತ್ತಿಲ್ಲದ ನಾನು ಬೇರೆ ಕೆಲಸ ಸಿಗದೆ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುವುದು, ಮತ್ತೆ ಕೂಡಿಸಿ ಬೇರೆ ಮಾಡುವುದು, ಹೀಗೆ ಹೊತ್ತು ಕಳೆಯುತ್ತಿದ್ದೆ.

ಆದರೆ ಅಂಗಡಿಯ ಚಿಂತೆ ಮರೆಸುವಂಥದು ಬೇರೆ ಇತ್ತು. ಮಗಳ ಬಾಯೊಳಗೂ ಗುಳ್ಳೆ ಎದ್ದಿದ್ದವು. ಅಂಬಲಿ ಬೇಡ, ಮಜ್ಜಿಗೆ ಬೇಡ, ನೀರೂ ಬೇಡ. ಹಲ್ಲು ಕಚ್ಚಿ ಮುಖ ತಿರುಗಿಸುತ್ತಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತು. ಇದು ಸಣ್ಣ ಅಮ್ಮನೋ, ಮಕ್ಕಳನ್ನು ಹೊತ್ತೊಯ್ಯುವ ದೊಡ್ಡ ಅಮ್ಮ, ಅಂದರೆ ಸಿಡುಬೋ ಎಂಬ ಅಂಜಿಕೆ ಬೇರೆ. ಅವಳು ಕೇಳುತ್ತಿದ್ದುದು ಒಂದನ್ನೇ: "ಮುತ್ಯಾ ಬರ್ಲಿ." ಮಾವ ಊರಿಗೆ ಬಂದಾಗಲೆಲ್ಲ ಅವಳ ಹಾಸಿಗೆ ಅವರ ಹೊಟ್ಟೆ. ಅದರ ಮೇಲೆ ಮಲಗಿದರೆ ಅವರು ಉಸಿರಾಡಿದಂತೆ ಏರಿಳಿಯುತ್ತ ನಿದ್ದೆ ಹೋಗುವಳು.

ಹೇಳಿ ಕಳಿಸಿದೆ. ಮಾರನೆಯ ದಿನವೇ ಬಂಡಿ ಬಂತು, ಬಂದು ಓಣಿಯ ಬಾಯಲ್ಲೇ ನಿಂತಿತು. ಮಾವ ಇಳಿದು ನಮ್ಮ ಬಾಗಿಲಿನ ಬೇವಿನ ತೊಪ್ಪಲು ನೋಡಿದರು. ನೇರ ಹೋಗಿ ಎದುರು ಮನೆಯ ಆಯಿಯ ಕಟ್ಟೆಯ ಮೇಲೆ ಕೂತರು.

"ಒಳಗ ಬರ್ರಿ ಮಾವಾರ."

"ಬರ್ತೇನಿ, ಬರ್ತೇನಿ. ಅವಸರೇನದ? ಮೊದಲ ಹೇಳ್ರಿ, ಗುಳ್ಳಿ ನೀರು ತುಂಬ್ಯಾವೇನು?"

"ತುಂಬ್ಯಾವ್ರಿ."

"ಒಡದಾವೇನು?"

"ಇನ್ನಾ ಇಲ್ರಿ."

"ಹಂಗಾರ ಹಾವು ತತ್ತಿಯೊಳಗೇ ಅದ," ಎಂದು ಮಾವ ಧೋತರ ಎತ್ತಿ ಇನ್ನೊಂದು ಮೊಳ ಹಿಂದೆ ಸರಿದು ಕೂತರು.

ಎದುರು ಮನೆಯ ಆಯಿಗೆ ಹಲ್ಲು ಒಂದೂ ಇರಲಿಲ್ಲ, ನಾಲಿಗೆ ಪೂರಾ ಇತ್ತು. "ಏನ್ರೀ ಬೀಗರ, ಹಾವಿನ ಬಾಲ ಹಿಡದು ಒಗದವ್ರು ಅಂತ ಕೇಳಿದ್ದೆ. ಇಲ್ಲಿ ಕೂಸಿನ ಗುಳ್ಳಿಗಿ ಅಂಜಿ ನನ್ನ ಕಟ್ಟಿ ಹಿಡದೀರಲ್ಲ!"

"ಆಯಿ, ಹೊಲದಾಗಿನ ಹಾವಿಗಿ ಬಾಲ ಕಾಣತದ. ಇದರ ಬಾಲ ಕಾಣೋದ್ರಾಗ ಮನಷ್ಯಾನೇ ಮುಗದಿರ್ತಾನ."

ಅಷ್ಟರಲ್ಲಿ ಒಳಗಿಂದ ಸಣ್ಣ ದನಿ ಬಂತು. "ಮುತ್ಯಾ..."

"ಬಂದೇನವ್ವಾ. ಇಲ್ಲೇ ಅದೇನಿ."

"ಕಾಣವಲ್ಲಿ."

"ದನಿ ಕೇಳತದಲ್ಲ, ನನ್ನವ್ವ?"

ಮಗಳು ಅಂದಳು: "ದನಿ ಮ್ಯಾಲ ಹೆಂಗ ಮಕ್ಕೊಳ್ಳಿ?"

ಮಾವ ಎದ್ದು ನಿಂತು, "ಅಳಿಯಂದ್ರ, ಟೇಪು ತರ್ರಿ" ಅಂದರು.

ಟೇಪು ತೆಗೆಯುವುದನ್ನು ನೋಡಿ ಹೆಂಡತಿ ಗದರಿದಳು. "ಅಮ್ಮ ಮನ್ಯಾಗದಾಳ, ಅಂಗಡಿ ಸಾಮಾನು ಮುಟ್ಟತೀರಿ?"

"ಸೂಜಿ ಬ್ಯಾಡ ಅಂದಿ. ಟೇಪಿಗಿ ಮೊನಿ ಎಲ್ಲದ ಬೇ?" ಅಂದು ಹೊರಗೆ ಹೋದೆ.

ಓಣಿಯ ನಡುವೆ ಮಾವ ಕೈ ಅಗಲಿಸಿ ನಿಂತರು. ಅವರ ಲೆಕ್ಕ ಹೀಗಿತ್ತು: ಅಣ್ಣ ತೊಗರಿ ಕಟ್ಟಿಗೆಯಂತೆ ಬಡಕ, ಹಾವು ಅವನನ್ನು ಸುತ್ತಿ ಬರಲಿಕ್ಕೆ ಎಷ್ಟು ಹೊತ್ತು? ಈ ಸೊಂಟದ ಮಾತು ಬೇರೆ. ನಾನು ಪ್ರದಕ್ಷಿಣೆ ಹಾಕಿ ಬಂದೆ.

"ಎಷ್ಟುಳೀತು?"

"ನಾಕು ಬೆರಳ್ರಿ. ಆದ್ರ ಅಂಗಿ, ಧೋತರದ ಗಂಟು ಎಲ್ಲಾ ಸೇರಿಸಿ ಹೇಳಾಕತ್ತೇನಿ."

"ಗಂಟೂ ನಂದೇ ಅದ. ಇಷ್ಟುದ್ದನ ಟೇಪೇ ಸಾಲಲಿಲ್ಲ, ಹಾವು ಸಾಲತದೇನು? ತಲಿ ಬಾಲ ಕೂಡಂಗಿಲ್ಲ."

"ಹಾವೇನು ನಿಮ್ಮ ಅಳಿಯನ ಟೇಪು ನೋಡಿ ಹುಟ್ಟತದೇನ್ರಿ?" ಎಂದಳು ಆಯಿ. ಮಾವ ಕೇಳದವರಂತೆ ಹೊಸ್ತಿಲಿಗೆ ನಮಸ್ಕಾರ ಮಾಡಿ ಒಳಗೆ ಬಂದರು. ಬಂದವರು ಅಮ್ಮನನ್ನು ಕಳಿಸಿಯೇ ಊರಿಗೆ ಹೋಗಬೇಕು ಎಂಬುದು ನಮ್ಮ ಕಡೆಯ ಕಟ್ಟಳೆ. ಅದು ಗೊತ್ತಿದ್ದೇ ಬಂದರು.

ಅಂಗಿ ಬಿಚ್ಚಿ ಮಲಗಿ ಮೊಮ್ಮಗಳನ್ನು ಹೊಟ್ಟೆಯ ಮೇಲೆ ಹಾಕಿಕೊಂಡರು. ಗುಳ್ಳೆ ತುಂಬಿದ ಅವಳ ಮೈ ತಾಗಿದಾಗ ಮಾವ ಕಣ್ಣು ಬಿಗಿಯಾಗಿ ಮುಚ್ಚಿದ್ದನ್ನು ನಾನು ನೋಡಿದೆ. "ಒಂದು ಗುಟುಕು ನಿಂದು, ಒಂದು ನಂದು" ಎಂದು ಕರಾರು ಮಾಡಿದರು. ಅವಳು ಅಳುತ್ತ ಒಂದು ಗುಟುಕು ಅಂಬಲಿ ನುಂಗಿದಳು. ಅವರೂ ಹೆಚ್ಚುಕಡಿಮೆ ಅಳುತ್ತಲೇ ನುಂಗಿದರು, ಯಾಕೆಂದರೆ ಅದರಲ್ಲಿ ಉಪ್ಪು ಕೂಡ ಹೆಸರಿಗಷ್ಟೇ ಇತ್ತು. ಬಟ್ಟಲು ಖಾಲಿಯಾಯಿತು. ಹೆಂಡತಿ ಒಳಗೆ ಹೋಗಿ ಒಲೆಯ ಮುಂದೆ ಸೆರಗು ಬಾಯಿಗೆ ಹಿಡಿದು ಕೂತಳು.

ಮಾವನಿಗೆ ನಮ್ಮ ಮನೆಯಲ್ಲಿ ದೊಡ್ಡ ಶತ್ರು ಅಮ್ಮನಲ್ಲ, ಒಗ್ಗರಣೆ ಇಲ್ಲದ ಊಟ. "ಈ ಬ್ಯಾಳಿ ಸತ್ತದ ಬೇ, ನಾಕು ಸಾಸಿವಿ ಚಟಗುಡಿಸಿ ಎಬ್ಬಸು" ಎಂದು ನನ್ನ ಹೆಂಡತಿಯನ್ನು ಗೋಗರೆಯುವರು. ಅವಳು ಜಗ್ಗಲಿಲ್ಲ. ಖಾರವಿಲ್ಲ, ಎಣ್ಣೆಯಿಲ್ಲ, ಮೊಮ್ಮಗಳು ಕುಡಿದಷ್ಟೇ ಅಂಬಲಿ. ದಿನಾ ಬೆಳಿಗ್ಗೆ ಎದ್ದವರು ಸೊಂಟ ಅಳೆಸಿಕೊಳ್ಳುವರು. ನಾಲ್ಕು ಬೆರಳು ಮೂರಾಯಿತು. ಮೂರು ಎರಡಾಯಿತು. "ನಿಮ್ಮ ಟೇಪು ಹಿಗ್ಗಾಕತ್ತದ ನೋಡ್ರಿ" ಎಂದು ನನ್ನ ಮೇಲೆಯೇ ಗುಮಾನಿ ಪಟ್ಟರು.

ಒಂದು ಬೆಳಿಗ್ಗೆ ನಾನು ಸುತ್ತಿ ಬಂದೆ. ಹಿತ್ತಾಳೆಗೆ ಹಿತ್ತಾಳೆ ತಾಗಿ ಟಕ್ ಎಂದಿತು.

ಮನೆಯಲ್ಲಿ ಎಲ್ಲರಿಗೂ ಕೇಳಿಸಿತು. ಮಾವನ ಬೆನ್ನ ಹಿಂದಿನಿಂದ ಹೆಂಡತಿ ಕಣ್ಣು ಅಗಲಿಸಿ, ಇಲ್ಲ ಅನ್ರಿ, ಇಲ್ಲ ಅನ್ರಿ ಎಂದು ಕೈ ಆಡಿಸುತ್ತಿದ್ದಳು.

"ಕೂಡ್ತೇನು?" ಎಂದರು ಮಾವ.

"ಕೂಡ್ತ್ರಿ ಮಾವಾರ."

ಹೆಂಡತಿ ಹಣೆ ಬಡಿದುಕೊಂಡಳು. ಮಾವ ಮೊಮ್ಮಗಳ ಕಡೆ ನೋಡಿದರು. ಅವಳು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು, ಮೈಮೇಲೆ ಗುಳ್ಳೆ ಇನ್ನೂ ಹಸಿ ಇದ್ದವು. ಓಣಿಯಲ್ಲಿ ಬಂಡಿ ನಿಂತಿತ್ತು. ಅವರು ನಿಧಾನವಾಗಿ ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡು, ಸುರುಳಿ ಸುತ್ತಿ, ಮಶೀನಿನ ಖಾನೆಯಲ್ಲಿ ಹಾಕಿ ಮುಚ್ಚಿದರು.

"ಇವತ್ತಿಂದ ಅಳಿಬ್ಯಾಡ್ರಿ" ಅಂದರು. "ಅಕಿ ಎದ್ದ ಮ್ಯಾಲ ಅಂಬಲಿ ಕಾಸ್ರಿ."

ಗುಳ್ಳೆ ಬಾಡಿದವು, ಹಕ್ಕಳೆ ಉದುರಿದವು. ಬೇವಿನ ನೀರು ಎರೆದು, ಮೊಸರನ್ನ ಎಡೆ ಮಾಡಿ ಅಮ್ಮನನ್ನು ಕಳಿಸಿದೆವು. ಮಾವ ಅಂದು ಒಗ್ಗರಣೆಯ ಬೇಳೆಯನ್ನು ತಟ್ಟೆಯಲ್ಲಿ ಉಂಡಿದ್ದು ಸಾಲದೆ ಪಾತ್ರೆಯನ್ನೂ ಒರೆಸಿ, ನಿಂಬರ್ಗಾಕ್ಕೆ ಹೋಗಿ ಹಾವಿನ ದಾರಿ ಕಾದರು. ಸುಗ್ಗಿ ಬಂತು, ಹಾವು ಬರಲಿಲ್ಲ. ಮತ್ತೊಂದು ಸುಗ್ಗಿ ಬಂತು. ಸೊಂಟ ಮೊದಲಿನಂತಾಯಿತು. ಯಾರಾದರೂ ಕೇಳಿದರೆ, "ದಾರಿ ತಪ್ಪಿರಬೇಕು" ಎಂದು ಸ್ವಲ್ಪ ಅವಮಾನವಾದವರಂತೆ ಹೇಳುತ್ತಿದ್ದರು.

ಅದು ಬಂದದ್ದು ಮೂರನೆಯ ಸುಗ್ಗಿಯಲ್ಲಿ. ಆಗ ನಿಂಬರ್ಗಾದಲ್ಲಾಗಲಿ ಆಳಂದದಲ್ಲಾಗಲಿ ಯಾವ ಮಗುವಿಗೂ ಅಮ್ಮ ಬಂದಿರಲಿಲ್ಲ. ಎಡಗಡೆ ಹೊಕ್ಕುಳ ಪಕ್ಕದಿಂದ ಬೆನ್ನಿನವರೆಗೆ ಗುಳ್ಳೆ. ಗುಳ್ಳೆ ಮುಂದೆ ಹಬ್ಬದಿರಲೆಂದು ಕುಂಬಾರನನ್ನು ಕರೆಸಿ ಅದರ ಸುತ್ತ ಹಾವಿನಂತೆ ಕೆಮ್ಮಣ್ಣಿನ ಗೆರೆ ಬರೆಸಿಕೊಂಡು ಮಲಗಿದ್ದರು. ನನ್ನನ್ನು ಕಂಡು, "ಆ ಅಮ್ಮನೇ ನೋಡ್ರಿ. ಆಳಂದದಿಂದ ನಡಕೋತ ಬಂದಾಳ, ಅದಕ್ಕ ತಡಾ ಆಗ್ಯದ" ಅಂದರು.

ನಾನು ಕೇಳದೆ ಬಂಡಿಗೆ ಹಾಕಿಕೊಂಡು ಕಲಬುರ್ಗಿಯ ದವಾಖಾನೆಗೆ ಒಯ್ದೆ. ಡಾಕ್ಟರ್ ಸಾಹೇಬರು ಹೈದರಾಬಾದಿನ ಕಡೆಯವರು, ಕನ್ನಡ ಮುರಿದು ಮಾತಾಡುವವರು. ಕೆಮ್ಮಣ್ಣಿನ ಹಾವು ನೋಡಿ ನಕ್ಕು ಕೇಳಿದರು. "ಬಡೇ ಮಿಯಾ, ಸಣ್ಣವ್ರು ಇದ್ದಾಗ ಅಮ್ಮ ಬಂದಿತ್ತೇನು?"

"ಬಂದಿತ್ತಂತ ನಮ್ಮವ್ವ ಹೇಳ್ತಿದ್ಳರಿ."

"ಅದೇ ಇದು. ಆವಾಗ ಹೋಗಿಲ್ಲ. ನಿಮ್ಮೊಳಗೇ ಮಲಗಿತ್ತು, ಈಗ ಎದ್ದದ. ಮೊಮ್ಮಗಳು ನಿಮಗ ಕೊಟ್ಟಿದ್ದಲ್ಲ. ನಿಮ್ಮ ಸ್ವಂತ ಹಳೇ ಮಾಲು."

"ತಲಿ ಬಾಲ ಕೂಡಿದ್ರ?"

"ಇದು ಒಂದೇ ಬಾಜೂ ಇರ್ತದ. ಬೆನ್ನ ಹುರಿ ಹತ್ರ ನಿಲ್ತದ. ಆದ್ರ ಒಂದು ಮಾತು. ಅಮ್ಮ ಬರದ ಕೂಸು ಮನ್ಯಾಗ ಇದ್ರ, ಈ ಗುಳ್ಳಿ ಒಣಗೋತನಾ ನೀವೇ ದೂರ ಇರ್ರಿ. ಇದರಿಂದ ಅದಕ್ಕ ಅಮ್ಮ ಬರಬೌದು."

ಮೊನ್ನೆ ಮೊನ್ನೆ ನನ್ನ ಮರಿಮಗನಿಗೆ ಗುಳ್ಳೆ ಎದ್ದಾಗ ಈಗಿನ ಡಾಕ್ಟರೂ ಇದನ್ನೇ ಹೇಳಿದರು. ಮಕ್ಕಳ ಹತ್ತಿರ ಓಡಾಡಿದ್ದರಿಂದ ಮುದುಕರೊಳಗೆ ಮಲಗಿದ್ದು ಇನ್ನಷ್ಟು ದಿನ ಮಲಗಿಯೇ ಇರಲೂಬಹುದು ಎನ್ನುವವರೂ ಇದ್ದಾರಂತೆ. ಮಾವನಿಗೆ ಹೇಳಿದ್ದರೆ ಕಣ್ಣಾರ ಕಂಡೇನಿ ಅನ್ನುತ್ತಿದ್ದರೋ ಏನೋ.

ವಾಪಸು ಬರುವಾಗ ದಾರಿಯಲ್ಲಿ ನಮ್ಮ ಮನೆ. ಆಗ ನನಗೆ ತೊಟ್ಟಿಲಲ್ಲಿ ಗಂಡುಮಗು. ಮಾವ ಮತ್ತೆ ಎದುರಿನ ಕಟ್ಟೆ ಹತ್ತಿದರು. ಎಷ್ಟು ಕರೆದರೂ ಬರಲಿಲ್ಲ.

"ಈ ಸಲ ಯಾರಿಗಿ ಅಂಜೀರಿ ಬೀಗರ?" ಎಂದಳು ಆಯಿ.

"ಈ ಸಲ ನಾನೇ ಹಾವು, ಆಯಿ" ಎಂದು ಮಾವ, ಬಾಗಿಲಲ್ಲಿ ಎತ್ತಿ ತೋರಿಸಿದ ಕೂಸನ್ನು ದೂರದಿಂದಲೇ ನೋಡಿ ಬಂಡಿ ಹತ್ತಿದರು.

ಗುಳ್ಳೆ ಒಣಗಿತು, ಉರಿ ಹೋಗಲಿಲ್ಲ. ಎಡಗಡೆ ಬಟ್ಟೆ ತಾಗಿದರೆ ಕೆಂಡ ತಾಗಿದಂತೆ ಬೆಚ್ಚುವರು. ಬರಿ ಮೈಯಲ್ಲಿ ಊರಲ್ಲಿ ತಿರುಗಲಾರರು, ಅಂಗಿ ತೊಡಲಾರರು. ಆಗ ನಾನೊಂದು ಅಂಗಿ ಹೊಲಿದೆ. ತೊಳೆದು ತೊಳೆದು ಮೆತ್ತಗಾದ ಹಳೆಯ ಧೋತರದ ಬಟ್ಟೆ. ಬಲಗಡೆ ಹೊಲಿಗೆ, ಎಡಗಡೆ ಕಂಕುಳಿಂದ ಕೆಳಗೆ ಹೊಲಿಗೆಯೇ ಇಲ್ಲ; ಪೂರಾ ಬಿಟ್ಟು, ಮೈಗೆ ತಾಗದಂತೆ ಭುಜದ ಮೇಲಷ್ಟೇ ನಿಲ್ಲುವ ಹಾಗೆ ಕತ್ತರಿಸಿದ್ದೆ. ಮೂರು ಸಲ ಕತ್ತರಿಸಿ ಕೆಡಿಸಿದ ಮೇಲೆ ಕೂಡಿಬಂತು. ತೊಟ್ಟು ಎರಡು ಹೆಜ್ಜೆ ನಡೆದು ಮಾವ ನಿಂತರು. ಬಹಳ ದಿನದ ಮೇಲೆ ಮೀಸೆಯ ಮೇಲೆ ಕೈ ಹೋಯಿತು.

"ಅಳಿಯಂದ್ರ, ನನ್ನ ಮಣ್ಣಾಗ ಕುಂಡ್ರಿಸುವಾಗ ಸೈತ ಇದೇ ಹಾಕ್ರಿ. ಅಲ್ಲಿ ಏನು ಚುಚ್ಚತದೋ ಯಾರಿಗ್ಗೊತ್ತು?"

ಅವರು ಹೋದದ್ದು ಅದಾಗಿ ಕೆಲವು ವರ್ಷಕ್ಕೆ, ಒಂದು ಬೇಸಿಗೆಯ ಜ್ವರದಲ್ಲಿ. ಸರ್ಪಸುತ್ತಿಗೂ ಅದಕ್ಕೂ ಸಂಬಂಧವಿರಲಿಲ್ಲ. ಅವರು ಹೇಳಿದಂತೆ ಅದೇ ಅಂಗಿ ತೊಡಿಸಿ, ಮಣ್ಣು ಮಾಡುವ ಮುಂಚೆ ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದೆವು. ನನ್ನ ಮಗಳು, ಅಷ್ಟು ದೊಡ್ಡವಳಾಗಿದ್ದವಳು, ಅವರ ಬಲಗಡೆ ಒರಗಿ ಕೂತಿದ್ದಳು. ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ. ನೋಡಲು ಬಂದ ಮಂದಿಯಲ್ಲಿ ಯಾರೋ ಒಬ್ಬರು ಅಂಗಿಯ ಎಡಗಡೆ ಬೊಟ್ಟು ಮಾಡಿ ಪಿಸುಗುಟ್ಟಿದರು: "ಅಳಿಯ ದರ್ಜಿ ಅಂತ. ನೋಡ್ರಿ, ಮಾವನ ಅಂಗಿಗಿ ಒಂದು ಬಾಜೂ ಹೊಲಗಿನೇ ಹಾಕಿಲ್ಲ."

ಗುಂಡಿಯ ಒಂದು ಕಾಜಾ ಸೊಟ್ಟ ಅಂದವರೊಂದಿಗೂ ಜಗಳಕ್ಕೆ ನಿಂತ ಮನುಷ್ಯ ನಾನು. ಅಂದು ಬಾಯಿ ತೆರೆಯಲಿಲ್ಲ.