ಬೆಚ್ಚಗಾದ ಬಿಲ್ಲೆಗಳು

ಆಪರೇಷನ್ ಥಿಯೇಟರಿನಲ್ಲಿ ಎಲ್ಲರೂ ಅವಳನ್ನು ಐಸಕ್ಕ ಎನ್ನುತ್ತಿದ್ದರು. ಕೊರೆಯುವ ಚಳಿಯ ಫ್ರೀಜರೊಂದರ ಬೀಗದ ಕೈ ಅವಳ ವಶದಲ್ಲಿತ್ತು. ಮಿದುಳಿನ ಗಡ್ಡೆ ತೆಗೆದ ಗುಳಿಯೊಳಗೆ ಡಾಕ್ಟರು ಜೋಡಿಸುವ ಬಿಲ್ಲೆಗಳು ಇರುತ್ತಿದ್ದುದು ಅದರಲ್ಲೇ. ಅಂಗಿಯ ಗುಂಡಿಯಷ್ಟಗಲ, ಮಾಸಲು ಬಿಳಿ, ಮೈತುಂಬ ಮದ್ದು. ಒಮ್ಮೆ ಇಟ್ಟು ತಲೆ ಹೊಲಿದರೆ ಮತ್ತೆ ತೆಗೆಯುವ ಗೋಜಿಲ್ಲ. ಬೇಕಾದ ಜಾಗಕ್ಕಷ್ಟೇ ಮದ್ದು ಬಿಡುತ್ತ, ವಾರಗಟ್ಟಲೆ ಸವೆದು, ಕೊನೆಗೆ ತಾವೇ ಇಲ್ಲವಾಗುತ್ತವೆ. ಆದರೆ ಚಳಿ ಬಿಟ್ಟು ಹೆಚ್ಚು ಹೊತ್ತು ಬಾಳವು. ಅದಕ್ಕೇ ಗಡ್ಡೆ ಈಚೆ ಬರುವವರೆಗೂ ಐಸಕ್ಕ ಬೀಗ ತೆಗೆದವಳಲ್ಲ. ಅವಸರಪಡುವ ಹೊಸ ನರ್ಸುಗಳಿಗೆ, "ತಡೀರಮ್ಮ, ಮದುವೆ ಹೆಣ್ಣಾ ಇದು, ಮುಂಚೇನೇ ಕರ್ಕೊಂಡು ಬಂದು ಕೂರಿಸೋಕೆ?" ಎನ್ನುತ್ತಿದ್ದಳು.

ಅವಳ ತಮ್ಮನ ತಲೆಯಲ್ಲೇ ಗಡ್ಡೆ ಕಾಣಿಸಿತು. ಆಪರೇಷನ್ನಿನ ಹಿಂದಿನ ಸಂಜೆ ಅವನು ಬೋಳಿಸಿದ ತಲೆ ಸವರಿಕೊಂಡು, "ಅಕ್ಕಾ, ನಿನ್ನ ಫ್ರೀಜರಿನ ಮಾಲನ್ನ ನನ್ನ ತಲೆಯೊಳಗೇ ಇಡ್ತಾರಾ? ತಣ್ಣೀರಲ್ಲಿ ಮುಖ ತೊಳೆಯೋಕೇ ಅಳ್ತಿದ್ದವನು ಕಣೇ ನಾನು" ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ.

ಮರುದಿನ ಡಾಕ್ಟರು ಮೊದಲ ಗೀರು ಹಾಕುವ ಹೊತ್ತಿಗೇ ಅವಳು ಬಿಲ್ಲೆಗಳ ಪೊಟ್ಟಣಗಳನ್ನು ಫ್ರೀಜರಿನಿಂದ ಹೊರತೆಗೆದು, ಹಸಿರು ಅಂಗಿಯೊಳಗೆ ಎದೆಗೊತ್ತಿ ಹಿಡಿದಳು. ಮಿದುಳಿಗೆ ಚಳಿ ತಿಳಿಯದೆಂಬುದು ಅವಳಿಗೆ ಗೊತ್ತಿತ್ತು. ಆದರೂ ಕೈ ಕೇಳಲಿಲ್ಲ.

ಆದರೆ ಅಂದು ರಕ್ತ ನಿಲ್ಲಲೇ ಇಲ್ಲ. ಮಧ್ಯಾಹ್ನಕ್ಕೆ ಮುಗಿಯಬೇಕಾದದ್ದು ಸಂಜೆಗೆ ಜಾರಿತು. ಕೊನೆಗೂ ಡಾಕ್ಟರು ಕೈಚಾಚಿದರು.

"ಕೊಡಿ, ಐಸಕ್ಕ."

"ಅವು ಬೇಡ ಸಾರ್."

"ಏನಂದ್ರಿ?"

"ಬೆಳಿಗ್ಗೇನೇ ತೆಗೆದ್ಬಿಟ್ಟೆ. ಹೊತ್ತು ಮೀರಿದೆ."

"ನೀವಾ?" ಎಂದರು ಡಾಕ್ಟರು. ಒಬ್ಬ ರೋಗಿಗೆ ತರಿಸುವುದೇ ಒಂದು ಡಬ್ಬಿ, ಬೇರೆ ಇರಲಿಲ್ಲ. ಖಾಲಿ ಗುಳಿಯ ಮೇಲೆ ಮೂಳೆ ಮುಚ್ಚಿ ಹೊಲಿದರು. ಬೀಗದ ಕೈ ಮರುದಿನವೇ ಇನ್ನೊಬ್ಬರ ಪಾಲಾಯಿತು.

ಎಚ್ಚರವಾದ ತಮ್ಮನಿಗೆ ಅವಳೇ ಎಲ್ಲವನ್ನೂ ಹೇಳಿದಳು. ಅವನು ಬಾಗಿಲಿನತ್ತ ಕಣ್ಣು ಹೊರಳಿಸಿದ. ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ತೂಕಡಿಸುತ್ತಿದ್ದಳು.

"ಅವಳಿಗೆ ಹೇಳ್ಬೇಡ. ಒಳಗೆ ಮದ್ದಿದೆ ಅಂತ್ಲೇ ಇರ್ಲಿ. ಅವಳಾದ್ರೂ ನಿದ್ದೆ ಮಾಡ್ಲಿ."

ಗಡ್ಡೆ ಮತ್ತೆ ಬೆಳೆಯಿತು. ಮೊದಲು ಅವನ ಬಲಗೈ ಬಿದ್ದುಹೋಯಿತು, ಆಮೇಲೆ ಮಾತು. ಹೆಂಡತಿ ದಿನವೂ ಒದ್ದೆ ಬಟ್ಟೆಯಲ್ಲಿ ಅವನ ಮುಖ ಒರೆಸುವಳು. ಹೊಲಿಗೆಯ ಗುರುತಿನ ಹತ್ತಿರ ಬಂದಾಗ ಕೈ ಮೆತ್ತಗಾಗುವುದು.

"ಅತ್ತಿಗೆ, ನೀವು ಇವನ್ನೆಲ್ಲ ಕಂಡೋರು. ಆ ಬಿಲ್ಲೆಗಳು ಈಗ ಎಷ್ಟು ಕರಗಿರ್ಬಹುದು?"

"ಅರ್ಧ ಕರಗಿರ್ಬಹುದು ಕಣಮ್ಮ. ಇನ್ನೂ ಇದೆ."

ಹಾಗೆ ಹೇಳುವಾಗಲೆಲ್ಲ ತಮ್ಮನ ಕಣ್ಣು ಅಕ್ಕನ ಮೇಲೇ ಇರುತ್ತಿತ್ತು.