ಕ್ಷಮೆ ಬೇಡವೆಂದ ಡೌಟ್ ಸರ್

ಮಕ್ಕಳಿಗೆ ಓಡುವುದನ್ನು, ಹಾರುವುದನ್ನು, ಗೆಲ್ಲುವುದನ್ನು ಕಲಿಸಿದ ವ್ಯಾಯಾಮ ಶಿಕ್ಷಕರು ಎಲ್ಲ ಕಡೆಯೂ ಸಿಗುತ್ತಾರೆ. ಆದರೆ ದೊಡ್ಡವರನ್ನು ಅನುಮಾನಿಸುವುದನ್ನು ಕಲಿಸಿ, ಆ ಅನುಮಾನ ತಮ್ಮ ಮೇಲೆಯೇ ತಿರುಗಿದಾಗಲೂ ಮಕ್ಕಳ ಪಕ್ಷ ಬಿಡದೆ ನಿಂತವರು ಎಷ್ಟು ಮಂದಿ? ಲೈಂಗಿಕ ದೌರ್ಜನ್ಯದಿಂದ ಮಕ್ಕಳು ತಮ್ಮನ್ನು ಕಾಪಾಡಿಕೊಳ್ಳುವ ಪಾಠವನ್ನು, ಅದರ ಹೆಸರೆತ್ತಲೂ ಹಿರಿಯರು ಮುಜುಗರಪಡುತ್ತಿದ್ದ ಕಾಲದಲ್ಲಿ, ಆಟದ ಮೈದಾನಕ್ಕೆ ತಂದ ನಮ್ಮ ಹಿರಿಯ ವ್ಯಾಯಾಮ ಶಿಕ್ಷಕರು ಈಗ ನಿವೃತ್ತರಾಗುತ್ತಿದ್ದಾರೆ. ಮಕ್ಕಳಿಗೆ ಅವರು ಡೌಟ್ ಸರ್. ನಮಗೂ ಅಷ್ಟೇ. ಹಾಗೆ ಕರೆದರೇ ಅವರು ಬೇಗ ತಿರುಗಿ ನೋಡುವುದು.

ಸೇವೆಗೆ ಸೇರಿದ ಹೊಸತರಲ್ಲೇ ಅವರು ಆಟದ ಸಾಮಾನಿನ ಕೋಣೆಯ ಒಳಚಿಲಕವನ್ನು ಸ್ಕ್ರೂಡ್ರೈವರ್ ಹಿಡಿದು ತಾವೇ ಬಿಚ್ಚಿದರು. ಮೆಟ್ಟಿಲ ಕೆಳಗಿನ ಕತ್ತಲ ಮೂಲೆಗೆ ಬಲ್ಬು ಹಾಕಿಸಿದರು. ಶಾಲಾ ವ್ಯಾನಿನಿಂದ ಕೊನೆಗೆ ಇಳಿಯುವ ಮಗು ಯಾವುದು, ಅಲ್ಲಿಯವರೆಗೆ ಅದರ ಜೊತೆ ವ್ಯಾನಿನಲ್ಲಿ ಯಾರಿರುತ್ತಾರೆ ಎಂದು ವಿಚಾರಿಸತೊಡಗಿದಾಗ ಡ್ರೈವರ್ ಮುಖ ಗಂಟಿಕ್ಕಿಕೊಂಡ. ಗಣಿತದ ಮೇಷ್ಟ್ರಂತೂ, "ಏನ್ ಸರ್, ಚಿಲಕ ಆಯ್ತು, ನಾಳೆ ಗೋಡೆನೂ ಬಿಚ್ಚಿಸ್ತೀರಾ?" ಎಂದು ರೇಗಿಸಿದರು.

"ಗೋಡೆ ಇರ್ಲಿ ಬಿಡಿ, ಒಂದು ಕಿಟಕಿ ಕೊರೆಸಿದ್ರೆ ಸಾಕು," ಎಂದರು ಇವರು, ನಗದೆ. ಕಿಟಕಿ ಬಂದೇ ಬಂತು.

ಆಗ ಶಾಲೆಯ ಪಡಸಾಲೆಯಲ್ಲಿ 'ಅಪರಿಚಿತರೊಂದಿಗೆ ಮಾತಾಡಬೇಡಿ' ಎಂಬ ದೊಡ್ಡ ಫಲಕವಿತ್ತು. ಡೌಟ್ ಸರ್‌ಗೆ ಆ ಫಲಕದ ಮೇಲೇ ಗುಮಾನಿ. ಮಕ್ಕಳನ್ನು ಸುತ್ತ ಕೂರಿಸಿಕೊಂಡು, "ನಿಮಗೆ ಚಾಕೊಲೇಟ್ ಕೊಡೋರು ಯಾರ್ಯಾರು?" ಎಂದು ಕೇಳಿದರು. ಮಾವ, ಪಕ್ಕದ್ಮನೆ ಅಂಕಲ್, ಅಣ್ಣನ ಫ್ರೆಂಡು ಎಂದು ಮಕ್ಕಳು ಕೂಗಿದರು. "ನೀವೂ ಕೊಡ್ತೀರಲ್ಲ ಸರ್!" ಎಂದಿತು ಒಂದು ಪುಟಾಣಿ. "ಹೌದಾ? ಹಾಗಾದ್ರೆ ನನ್ನ ಮೇಲೂ ಒಂದು ಕಣ್ಣಿಟ್ಟಿರಿ," ಎಂದರು. ಮಕ್ಕಳು ನಕ್ಕರು, ಸರ್ ನಗಲಿಲ್ಲ. ಇಷ್ಟವಿಲ್ಲದ ಮುಟ್ಟುವಿಕೆಗೆ 'ಬೇಡ' ಎನ್ನುವುದನ್ನು ಅಲ್ಲೇ, ತಮ್ಮ ಮುಖಕ್ಕೇ ಹೇಳಿಸಿ ಅಭ್ಯಾಸ ಮಾಡಿಸಿದರು. ಮಾತು ತೊದಲುವ ಮಗುವಿಗೆ ಅಂಗೈ ಅಡ್ಡ ಹಿಡಿದು ಓಡುವುದನ್ನು ಕಲಿಸಿದರು. 'ಯಾರಿಗೂ ಹೇಳಬೇಡ' ಎಂದು ದೊಡ್ಡವರು ಹೇಳಿದರೆ ಅದನ್ನೇ ಮೊದಲು ಹೇಳಬೇಕು, ಒಬ್ಬರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳಬೇಕು, 'ಬೇಡ' ಎನ್ನಲು ಬಾಯಿ ಬಾರದೆ ಹೋದರೂ ತಪ್ಪು ಮಗುವಿನದಲ್ಲವೇ ಅಲ್ಲ ಎಂದು ಪ್ರತಿ ವರ್ಷ, ಪ್ರತಿ ತರಗತಿಗೆ ಬೇಸರಿಸದೆ ಹೇಳಿದರು.

ತಂದೆತಾಯಂದಿರು ಸುಮ್ಮನಿರುತ್ತಾರೆಯೇ? "ನಮ್ಮ ಹುಡುಗಿ ತಾತನಿಗೂ ಮುತ್ತು ಕೊಡಲ್ಲ ಅಂತಾಳೆ, ಏನ್ರೀ ಕಲಿಸ್ತಿದ್ದೀರಿ ನೀವು?" ಎಂದು ಒಬ್ಬರು ಗೇಟಿನಲ್ಲೇ ಜಗಳ ತೆಗೆದರು. "ತಾತನಿಗೆ ಕೇಳಿ ತಗೊಳ್ಳೋಕೆ ಹೇಳಿ ಸಾರ್, ಖಂಡಿತ ಸಿಗುತ್ತೆ," ಎಂದರು ಡೌಟ್ ಸರ್.

ಇನ್ನು ಮುಂದಿನದನ್ನು ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಬರೆಯುವುದು ಬೇಡವೆಂದು ಕೆಲವರು ಹೇಳಿದರು. "ಅದನ್ನ ಬಿಟ್ಟರೆ ನನ್ನ ಬಗ್ಗೆ ಬರೆಯೋಕೇನಿದೆ?" ಎಂದವರು ಸ್ವತಃ ಡೌಟ್ ಸರ್.

ಲಾಗ ಹಾಕುವುದನ್ನು ಕಲಿಸುತ್ತಿದ್ದ ಒಂದು ಬೆಳಿಗ್ಗೆ ಐದನೆಯ ತರಗತಿಯ ಹುಡುಗಿಯೊಬ್ಬಳು ವಾಲಿದಳು. ಕತ್ತು ಉಳುಕೀತೆಂಬ ಗಾಬರಿಯಲ್ಲಿ ಅವರು ಅವಳ ಸೊಂಟ ಹಿಡಿದು ನಿಲ್ಲಿಸಿದರು. ಹುಡುಗಿ ಎದ್ದವಳೇ ನೇರವಾಗಿ ತರಗತಿಯ ಟೀಚರ್ ಬಳಿ ಹೋಗಿ, "ಡೌಟ್ ಸರ್ ಕೇಳ್ದೆ ನನ್ನ ಸೊಂಟ ಹಿಡ್ಕೊಂಡ್ರು. ನಂಗಿಷ್ಟ ಆಗ್ಲಿಲ್ಲ," ಎಂದಳು.

ಮಧ್ಯಾಹ್ನದೊಳಗೆ ಸುದ್ದಿ ಶಿಕ್ಷಕರ ಕೋಣೆಯನ್ನೆಲ್ಲ ಸುತ್ತಿತು. ಅವರು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. "ಬೇಲಿನೇ ಎದ್ದು ಹೊಲ ಮೇಯೋದು ಅಂದ್ರೆ ಇದೇ ನೋಡಿ," ಎಂಬ ಪಿಸುಮಾತು ಬೆನ್ನಿಗೆ ಕೇಳಿಸಿತು. ಅದು ಗಣಿತದ ಮೇಷ್ಟ್ರ ಗಂಟಲು.

ಮುಖ್ಯೋಪಾಧ್ಯಾಯಿನಿಯವರಿಗೆ ಇವರ ಮೇಲೆ ಅಪಾರ ಗೌರವ. ಹುಡುಗಿಯನ್ನೂ ಅವಳ ತಾಯಿಯನ್ನೂ ಕರೆಸಿದರು. ತಾಯಿಗೆ ಮಗಳನ್ನು ಶಾಲೆಯಿಂದ ಹೊರಹಾಕಿದರೆ ಎಂಬ ಭಯ. "ಸರ್‌ಗೆ ಸಾರಿ ಕೇಳೇ. ಕೇಳು ಅಂದ್ನಲ್ಲ!" ಎಂದು ಮಗಳ ಭುಜ ಅದುಮಿದರು. ಹುಡುಗಿ ನೆಲ ನೋಡುತ್ತಾ ತುಟಿ ತೆರೆದಳು. ಕಿಟಕಿಯಾಚೆ ನಾಲ್ಕಾರು ಮಕ್ಕಳ ತಲೆಗಳು. ಆ ಒಂದು ಮಾತು ಇವಳ ಬಾಯಿಂದ ಹೊರಬಿದ್ದರೆ ಈ ಶಾಲೆಯಲ್ಲಿ ಇನ್ಯಾವ ಮಗುವೂ ಬಾಯಿ ಬಿಡುವುದಿಲ್ಲ ಎಂದು ಡೌಟ್ ಸರ್‌ಗೆ ಹೊಳೆಯಿತು.

"ಸಾರಿ ಬೇಡಮ್ಮ," ಎಂದರು. "ಅವಳು ಹೇಳಿದ್ದು ನಿಜ. ನಾನು ಹಿಡಿದೆ, ಕೇಳ್ಲಿಲ್ಲ. ಮೇಡಂ, ನೀವು ವಿಚಾರಿಸಬೇಕಾದ್ದು ನನ್ನನ್ನ."

"ಸರ್, ನಿಮ್ಮ ಮೇಲೆ ನಮಗೆಲ್ಲ ನಂಬಿಕೆ ಇದೆ."

"ಅದೇ ಮೇಡಂ ತೊಂದರೆ. ನಂಬಿಕೆ ಇರೋರನ್ನೇ ಮೊದಲು ವಿಚಾರಿಸ್ಬೇಕು."

ಶಾಲೆಯವರಲ್ಲ, ಹೊರಗಿನ ಮಕ್ಕಳ ರಕ್ಷಣಾ ಸಮಿತಿಯೇ ವಿಚಾರಣೆ ಮಾಡಲಿ ಎಂದು ಹಟ ಹಿಡಿದು, ಅದು ಮುಗಿಯುವವರೆಗೆ ಶಾಲೆಗೆ ಬರುವುದಿಲ್ಲವೆಂದು ಹೇಳಿ ಮನೆಗೆ ನಡೆದರು. ಆ ದಿನಗಳು ಸುಲಭವಾಗಿರಲಿಲ್ಲ. ಅಂಗಡಿಯವನು ಇವರನ್ನು ಕಂಡೊಡನೆ ಮಗಳನ್ನು ಒಳಗೆ ಕಳಿಸಿದ. ಊಟ ಬಡಿಸುತ್ತಿದ್ದ ಹೆಂಡತಿ ಕೈ ತಡೆದು, "ನಿಜ ಹೇಳ್ರಿ, ಅಷ್ಟೇನಾ ಆಗಿದ್ದು?" ಎಂದರು. "ಅಷ್ಟೇ. ಕೇಳಿದ್ಯಲ್ಲ, ಒಳ್ಳೇದಾಯ್ತು," ಎಂದವರು ಕೈ ತೊಳೆಯಲು ಎದ್ದು ಹೋಗಿ, ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ನಿಂತರು. ಅನುಮಾನವನ್ನು ಊರಿಗೆಲ್ಲ ಹಂಚಿದ ಮನುಷ್ಯನಿಗೆ ಅದರ ರುಚಿ ತನ್ನ ತಟ್ಟೆಯಲ್ಲೇ ಸಿಕ್ಕಿತ್ತು.

ಸಮಿತಿಯವರು ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಮಾತಾಡಿಸಿದರು. ಬೇರೇನೂ ತಪ್ಪು ಸಿಗಲಿಲ್ಲ. ಆದರೆ ಮುಟ್ಟುವ ಮುನ್ನ ಮಗುವನ್ನು ಕೇಳಬೇಕು, ಅಂಥ ಕಸರತ್ತಿನ ಹೊತ್ತಿಗೆ ಶಿಕ್ಷಕಿಯೊಬ್ಬರು ಜೊತೆಗಿರಬೇಕು ಎಂಬ ನಿಯಮ ಬಂತು. ಮರಳಿ ಬಂದ ದಿನ ಡೌಟ್ ಸರ್ ಮಕ್ಕಳೆದುರು ಆ ನಿಯಮವನ್ನು ತಾವೇ ಓದಿ, "ಕೇಳ್ದೆ ಹಿಡಿದದ್ದು ನನ್ನ ತಪ್ಪು," ಎಂದರು. ದೂರು ಹೇಳಿದ ಮಗು ಯಾರೆಂದು ಮಾತ್ರ ಹೇಳಲಿಲ್ಲ. ಕೆಲವು ಸಹೋದ್ಯೋಗಿಗಳ ಕಣ್ಣಿನಿಂದ ಸಂಶಯ ಪೂರ್ತಿ ಹೋಗಲೇ ಇಲ್ಲ. ಹೋಗುವುದೂ ಬೇಡವೆಂಬುದೇ ಅವರ ಮಾತು.

ಇದಾದ ಕೆಲವೇ ದಿನಗಳಲ್ಲಿ ಆರನೆಯ ತರಗತಿಯ ಇನ್ನೊಬ್ಬ ಹುಡುಗಿ ಮೈದಾನದಲ್ಲಿ ಅವರಿಂದ ಮಾರು ದೂರ ನಿಂತು ಕೇಳಿದಳು: "ಸರ್, ಅವಳು ನಿಮ್ ಮೇಲೇ ಹೇಳಿದ್ರೂ ಅವಳ ಹತ್ರ ಸಾರಿ ಕೇಳಿಸ್ಲಿಲ್ಲ, ಅಲ್ವಾ?"

"ಇಲ್ಲ ಪುಟ್ಟಿ. ಯಾಕೆ?"

"ಹಾಗಾದ್ರೆ ನಾನೂ ಒಂದು ಹೇಳ್ಬೇಕು. ಮನೆಗೆ ಬರ್ತಾರಲ್ಲ, ಟ್ಯೂಷನ್ ಮಾಮ..."

ಡೌಟ್ ಸರ್ ಇದ್ದಲ್ಲೇ ನೆಲಕ್ಕೆ ಕೂತರು, ಅವಳಿಗಿಂತ ಎತ್ತರವಾಗದಂತೆ. "ನನಗೇ ಹೇಳ್ತೀಯಾ, ಇಲ್ಲ ಟೀಚರ್‌ನ ಕರೀಲಾ? ಯಾರಿಗೆ ಹೇಳಿದ್ರೂ ನಿನ್ನನ್ನ ನಂಬ್ತೀವಿ," ಎಂದರು. ಅವಳು ಟೀಚರ್ ಬೇಕೆಂದಳು. ಅವಳು ಹೇಳಿದ್ದು ಅವಳದು, ಈ ಪುಟಗಳದ್ದಲ್ಲ. ಆದರೆ ಅಂದು ಸಂಜೆ ಆ ಮನುಷ್ಯ ಪಾಠ ಹೇಳಲು ಬಂದಾಗ ಬಾಗಿಲು ತೆರೆದವರು ಪೊಲೀಸರು.

ನಾಳೆಯಿಂದ ಡೌಟ್ ಸರ್ ಬೇರೆ ಬೇರೆ ಶಾಲೆಗಳಿಗೆ ಹೋಗಿ ಇದೇ ಪಾಠ ಮಾಡಲಿದ್ದಾರೆ. ಅವರ ಮಂಡಿ ನೋವು ಕಡಿಮೆಯಾಗಲಿ, ಆಯುಸ್ಸು ಹೆಚ್ಚಲಿ, ಸೀಟಿಯ ದನಿ ಕುಂದದಿರಲಿ. ಹೋದಲ್ಲೆಲ್ಲ ಹೊಸ ಮಕ್ಕಳು ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮೊದಲು ಅವರನ್ನೇ ಚೆನ್ನಾಗಿ ಅನುಮಾನಿಸಲಿ.