ಒಂದೇ ಪುಸ್ತಕದ ಮೇಷ್ಟ್ರು
ಇಸ್ರೇಲಿನ ನಮ್ಮ ರೋಶ್ ಹಾಅಯಿನ್ ಊರಿನ ತಗಡಿನ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಹೀಬ್ರೂ ಓದಿಸುವ ಯಹ್ಯಾ ಮೇಷ್ಟ್ರಿಗೆ ಇಡೀ ತರಗತಿಗೆ ಒಂದೇ ಪುಸ್ತಕ ಸಾಕು. ಸರಕಾರ ಕೊಟ್ಟ ಹೊಸ ಪುಸ್ತಕಗಳೆಲ್ಲ ಪೆಟ್ಟಿಗೆಯಲ್ಲಿ ಭದ್ರವಾಗಿವೆ. ನಾವೆಲ್ಲ ಯೆಮನ್ ಬಿಟ್ಟು ಬಂದಾಗ ಅವರು ಹೊತ್ತು ತಂದ ಹಳೆಯದನ್ನು ಚಾಪೆಯ ನಡುವೆ ಬಿಡಿಸಿಟ್ಟು, ಸುತ್ತಲೂ ಮಕ್ಕಳನ್ನು ಕೂರಿಸುತ್ತಾರೆ. “ತಲೆಗೆ ತಲೆ ತಾಗಿದ್ರೇನೇ ಓದು” ಎನ್ನುವುದು ಅವರ ಸಿದ್ಧಾಂತ. ಹೀಗಾಗಿ ಒಬ್ಬನಿಗೆ ಅಕ್ಷರ ನೆಟ್ಟಗೆ, ಪಕ್ಕದವನಿಗೆ ಅಡ್ಡ, ಎದುರಿನವನಿಗೆ ತಲೆಕೆಳಗು; ದಿನವೂ ಜಾಗ ಬದಲು. “ಮೇಷ್ಟ್ರೇ, ಅಲೆಫ್ ಅಕ್ಷರ ಕಾಲು ಮೇಲೆ ಮಾಡ್ಕೊಂಡಿದೆ” ಎಂದು ಪುಟ್ಟ ಜೆಕರ್ಯಾ ಅತ್ತರೆ, “ಮಾಡ್ಕೊಳ್ಲಿ ಬಿಡೋ, ಹೆಸರು ಹಿಡಿದು ಕೂಗು, ಓಗೊಡುತ್ತೆ” ಎನ್ನುತ್ತಾರೆ. ಸರಿಯಾಗಿ ಓದಿದವನ ಬಾಯಿಗೆ ಒಣದ್ರಾಕ್ಷಿ ಇಡುವ ಕೈಯೇ ತಪ್ಪಿದವನ ಕಿವಿಯನ್ನೂ ಹಿಂಡುವುದರಿಂದ ಊರಿನ ಮಕ್ಕಳ ಕಿವಿಗಳೆಲ್ಲ ಅಂಟಂಟು. “ನನ್ನ ಮಗ ಬಸ್ಸಿನ ಬೋರ್ಡನ್ನೂ ಕತ್ತು ಓರೆ ಮಾಡಿ ಓದ್ತಾನೆ, ನಾಳೆ ಇವನಿಗೆ ಯಾರು ಹೆಣ್ಣು ಕೊಡ್ತಾರೆ?” ಎಂದು ರೂಮಿಯಾ ಜಗಳಕ್ಕೆ ಬಂದಾಗ, “ಹೆಣ್ಣಿನ ಕಡೆಯವ್ರನ್ನೂ ಓರೆಯಾಗೇ ಕೂರಿಸಿದ್ರಾಯ್ತು ಬಿಡವ್ವಾ” ಎಂದು ಶುಂಠಿ ಹಾಕಿದ ಕಾಫಿ ಕುಡಿಸಿ ಕಳಿಸಿದರು. ಮಕ್ಕಳ ಜಾಗ ಬದಲಾದರೂ ಮೇಷ್ಟ್ರದು ಬದಲಾಗುವುದಿಲ್ಲ; ಯಾವಾಗಲೂ ತಲೆಕೆಳಗಿನ ಕಡೆಯೇ. ಚಿಕ್ಕಂದಿನಲ್ಲಿ ಮನೆಯ ಒಂದೇ ಪುಸ್ತಕಕ್ಕೆ ಅವರೂ ಅಣ್ಣನೂ ಎದುರುಬದುರು ಕೂರುತ್ತಿದ್ದರಂತೆ. ಆ ಅಣ್ಣ ಇಲ್ಲಿಗೆ ಬರುವ ವಿಮಾನ ಹತ್ತಲೆಂದು ಏಡನ್‌ವರೆಗೆ ನಡೆಯುವಾಗ ದಾರಿಯಲ್ಲೇ ತೀರಿಕೊಂಡ. ಮೊನ್ನೆ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಒಬ್ಬರೇ ತಲೆಕೆಳಗಾಗಿ ಓದುತ್ತಿದ್ದುದನ್ನು ಕಂಡು, ನಾನು ಪುಸ್ತಕ ತಿರುಗಿಸಿ ಕೊಡಲು ಕೈ ಹಾಕಿದೆ. ಅವರು ಪುಟದ ಮೇಲೆ ಅಂಗೈ ಊರಿ ಮೆಲ್ಲಗೆ ಹೇಳಿದರು: “ಬೇಡಪ್ಪಾ, ಆ ಕಡೆಯಿಂದ ನಮ್ಮಣ್ಣ ಓದ್ತಿದ್ದಾನೆ.”